ಮೊಬೈಲು ಯಾರದು, ಶಿಕ್ಷೆ ಯಾರಿಗೆ?

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಊರುಗಳಲ್ಲಿ ನನಗೆ ಬಂಧುಬಳಗವಿದೆ, ಕಲಿಸಿದ ಮಕ್ಕಳಿದ್ದಾರೆ. ಹೀಗಾಗಿ ಮೂರೂ ಕಡೆಯ ಕಾಲೇಜುಗಳ ಪಾಲಕರ ಸಭೆಯ ಸುದ್ದಿ ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಮೊದಲೆಲ್ಲ ಈ ಸಭೆಗಳಲ್ಲಿ ಇಂಗ್ಲಿಷ್ ಕಲಿಸುವವರಿಲ್ಲ, ಹೆಣ್ಣುಮಕ್ಕಳ ಪಾಯಖಾನೆಗೆ ನೀರಿಲ್ಲ, ಸಂಜೆಯ ಬಸ್ಸು ಬರುವುದಿಲ್ಲ ಎಂಬ ದೂರುಗಳು ಬರುತ್ತಿದ್ದವು. ಅವುಗಳಲ್ಲಿ ಎಷ್ಟು ಬಗೆಹರಿದವೋ ದೇವರೇ ಬಲ್ಲ. ಈಗ ಮಾತ್ರ ಎಲ್ಲರ ಬಾಯಲ್ಲೂ ಒಂದೇ ದೂರು, ಮೊಬೈಲು. ಫಲಿತಾಂಶ ಇಳಿದರೆ ಮೊಬೈಲು, ಹುಡುಗಿ ಮನೆಯಲ್ಲಿ ಸುಮ್ಮನೆ ಕುಳಿತರೆ ಮೊಬೈಲು, ಉಪನ್ಯಾಸಕರ ಪಾಠ ಯಾರಿಗೂ ತಿಳಿಯದಿದ್ದರೂ ಮೊಬೈಲು. ಇಷ್ಟೊಂದು ತಪ್ಪುಗಳನ್ನು ತಲೆಯ ಮೇಲೆ ಹೊತ್ತುಕೊಳ್ಳುವ ವಸ್ತು ಇನ್ನೊಂದು ಸಿಕ್ಕಲಾರದು.

ನಾನು ಹೈಸ್ಕೂಲಿನ ಶಿಕ್ಷಕಿ. ಬಿ.ಎ., ಬಿ.ಎಡ್. ಮುಗಿಸಿ ಕನ್ನಡ, ಸಮಾಜ ಕಲಿಸುತ್ತ ಮೂವತ್ತು ವರ್ಷವಾಗುತ್ತ ಬಂತು. ಕಾಲೇಜಿನ ವಿಚಾರ ನಿನಗೇಕೆ ಎಂದು ಕೇಳುವವರಿದ್ದಾರೆ. ಹತ್ತನೆಯ ತರಗತಿ ದಾಟಿಸಿ ಕಳಿಸಿದ ನನ್ನ ಹುಡುಗಿಯರಲ್ಲಿ ಯಾರು ಮುಂದೆ ಹೋದರು, ಯಾರು ಎಲ್ಲಿ ನಿಂತುಬಿಟ್ಟರು ಎಂದು ಲೆಕ್ಕ ಇಡುವ ಚಟ ನನಗಿದೆ. ಆ ಲೆಕ್ಕದಲ್ಲಿ ಇತ್ತೀಚೆಗೆ ಒಂದು ಹೊಸ ಕಾರಣ ಮತ್ತೆ ಮತ್ತೆ ಬರುತ್ತಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ನಮ್ಮ ಭಾಗದ ಒಂದು ಕಾಲೇಜಿನ ಪದ್ಧತಿ ಹೇಳುತ್ತೇನೆ, ಹೆಸರು ಬೇಡ. ಗೇಟಿನ ಬಳಿ ಒಂದು ಮೇಜು, ಅದರ ಹಿಂದೆ ಒಬ್ಬ ಸಿಪಾಯಿ. ಬೆಳಿಗ್ಗೆ ಬರುವ ಹುಡುಗಿಯರು ಸಾಲಾಗಿ ನಿಂತು ಚೀಲ ತೆರೆದು ತೋರಿಸಬೇಕು. ಊಟದ ಡಬ್ಬಿ, ನೋಟುಪುಸ್ತಕ, ಹೆಣ್ಣುಮಕ್ಕಳು ಯಾರಿಗೂ ತೋರಿಸಬಯಸದ ಸಾಮಾನು, ಎಲ್ಲವೂ ಆತನ ಕಣ್ಣೆದುರು. ಫೋನು ಸಿಕ್ಕರೆ ತೆಗೆದಿಟ್ಟುಕೊಂಡು ತಂದೆಯನ್ನು ಕರೆಸಿ ಆತನ ಕೈಗೇ ಕೊಡುತ್ತಾರೆ. ಅದೇ ಗೇಟಿನಿಂದ ಹುಡುಗರು ಮೋಟಾರ್‌ಸೈಕಲ್ಲಿನ ಮೇಲೆ ಹಾಯಾಗಿ ಒಳಗೆ ಹೋಗುತ್ತಾರೆ, ಪ್ಯಾಂಟಿನ ಕಿಸೆಯಲ್ಲಿ ಫೋನು ಉಬ್ಬಿ ಕಾಣುತ್ತಿರುತ್ತದೆ. ನಾನು ಸುಮ್ಮನಿರಲಾರದೆ ಕೇಳಿದೆ. “ಅವರ ಕಿಸೆ ಹ್ಯಾಂಗ ಹುಡಕೂದ್ರಿ ಅಕ್ಕೋರ? ಮೈಮ್ಯಾಲೆ ಬರ್ತಾರ” ಎಂಬ ಉತ್ತರ ಬಂತು. ಮೈಮೇಲೆ ಬರದವರ ಚೀಲವನ್ನಷ್ಟೇ ಹುಡುಕುವುದಕ್ಕೆ ಶಿಸ್ತು ಎಂಬ ಹೆಸರು ಯಾಕೆ ಕೊಡಬೇಕು?

ಮೂಡಲಗಿ ಕಡೆಯ ಹಳ್ಳಿಯ ಒಬ್ಬ ಹುಡುಗಿ ನನ್ನ ಕೈಯಲ್ಲಿ ಮೂರು ವರ್ಷ ಕಲಿತವಳು. ಲೆಕ್ಕದಲ್ಲಿ ಜಾಣೆ, ಮಾತು ಕಡಿಮೆ. ಪಿ.ಯು. ಮೊದಲ ವರ್ಷಕ್ಕೆ ವಾಣಿಜ್ಯ ವಿಭಾಗ ಸೇರಿದಳು. ಅವಳ ಬಳಿ ಇದ್ದ ಫೋನು ಅಣ್ಣ ಹೊಸದು ಕೊಂಡಾಗ ಬಿಟ್ಟುಕೊಟ್ಟದ್ದು, ಗಾಜು ಒಡೆದದ್ದು. ಅಕೌಂಟನ್ಸಿ ತಾಸಿನಲ್ಲಿ ಫಳಿಯ ಮೇಲಿನ ಲೆಕ್ಕವನ್ನು ಬರೆದುಕೊಳ್ಳುವ ಮೊದಲೇ ಒರೆಸುತ್ತಾರೆಂದು ಫೋಟೋ ತೆಗೆದುಕೊಳ್ಳಹೋಗಿ ಸಿಕ್ಕಿಬಿದ್ದಳು. ತಂದೆಗೆ ಕರೆ ಹೋಯಿತು. ನಾಲ್ಕು ಜನ ಕುಳಿತ ಕೋಣೆಯಲ್ಲಿ ಆ ಫೋನು ತೆರೆಸಿದರು. ಫೋಟೋಗಳನ್ನು ನೋಡಿದರು, ಕರೆಗಳ ಪಟ್ಟಿ ನೋಡಿದರು, ಒಂದು ನಂಬರು ತೋರಿಸಿ ಇದು ಯಾರದೆಂದು ತಂದೆಯ ಎದುರೇ ಕೇಳಿದರು. ಅದು ಅವಳ ವರ್ಗದ ಒಬ್ಬ ಹುಡುಗನದು. ನೋಟ್ಸ್ ಕೇಳಲು ಮಾತಾಡಿದ್ದೆ ಅಂದಳಂತೆ. ಅಷ್ಟೇ ಇತ್ತೋ ಅದಕ್ಕಿಂತ ಹೆಚ್ಚಿತ್ತೋ ನಾನು ಕೇಳಲಿಲ್ಲ. ಹದಿನೇಳರ ಹುಡುಗಿ ವರ್ಗದ ಹುಡುಗನ ಜೊತೆ ಮಾತಾಡುವುದು ಯಾವ ಕಾನೂನಿನ ಪುಸ್ತಕದಲ್ಲೂ ಅಪರಾಧವಲ್ಲ.

ತಂದೆ ಒಳ್ಳೆಯ ಮನುಷ್ಯ. ಎರಡೆಕರೆ ಕಬ್ಬಿನ ಹೊಲ, ಮಗಳ ಓದಿನ ಮೇಲೆ ಆಸೆ. ಅವರು ಹೊಡೆಯಲಿಲ್ಲ, ಬೈಯಲಿಲ್ಲ; ಮರುದಿನದಿಂದ ಕಳಿಸಲಿಲ್ಲ, ಅಷ್ಟೇ. ನಾನು ಮನೆಗೆ ಹೋದಾಗ ಕಟ್ಟೆಯ ಮೇಲೆ ಕುಳಿತು ಹೇಳಿದರು: “ಅಕ್ಕೋರ, ಹುಡುಗಿ ಮ್ಯಾಲೆ ನನಗ ಸಂಶೆ ಇಲ್ರಿ. ಆದ್ರ ನಾಕ ಮಂದ್ಯಾಗ ಕುಂದರಿಸಿ ಕೇಳಿದ್ರು. ಊರ ಬಾಯಿ ನಾ ಹ್ಯಾಂಗ ಮುಚ್ಚಲಿ?” ಒಳಗಿನಿಂದ ತಾಯಿ ಚಹಾ ತಂದಿಟ್ಟು ಏನೂ ಮಾತಾಡದೆ ಹೋದಳು. ಹುಡುಗಿಗೆ ಹದಿನೆಂಟು ತುಂಬಿದ ತಿಂಗಳಿನಲ್ಲೇ ಮದುವೆಯಾಯಿತು. ಹೌದು, ಕಾನೂನು ಎಲ್ಲಿಯೂ ಮುರಿಯಲಿಲ್ಲ. ಆ ಹುಡುಗ ಈಗ ಬೆಳಗಾವಿಯಲ್ಲಿ ಪದವಿ ಓದುತ್ತಿದ್ದಾನೆ. ಅವನ ಫೋನನ್ನು ಯಾರೂ ತೆರೆದು ನೋಡಲಿಲ್ಲ.

ಕಾಲೇಜಿನವರನ್ನು ಕೇಳಿದರೆ, ನಾವೇನು ಓದು ಬಿಡಿಸಿ ಎಂದು ಹೇಳಿದೆವೇ ಅನ್ನುತ್ತಾರೆ. ಹೇಳಲಿಲ್ಲ, ನಿಜ. ಆದರೆ ಈ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ, ಮಗಳ ಫೋನನ್ನು ಹತ್ತು ಜನರೆದುರು ತಂದೆಯ ಕೈಗಿಟ್ಟರೆ ಮನೆಯಲ್ಲಿ ಏನಾಗುತ್ತದೆಂದು ತಿಳಿಯದೇ? ಮಗನ ಫೋನು ಸಿಕ್ಕರೆ ತಂದೆ ಎರಡು ಬಯ್ದು ಸಂಜೆಗೆ ತಿರುಗಿ ಕೊಡುತ್ತಾನೆ. ಒಂದೇ ತಪ್ಪಿಗೆ ಒಬ್ಬನಿಗೆ ಎರಡು ಬೈಗುಳ, ಇನ್ನೊಬ್ಬಳಿಗೆ ಜೀವಮಾನದ ಲೆಕ್ಕ.

ಫೋನಿನ ಕಾಟ ಹುಡುಗಿಯರಿಂದಲೇ ಹೆಚ್ಚು ಎಂದು ತಿಳಿದವರಿಗಾಗಿ ಒಂದು ಅಂಕಿ. ‘ಅಸರ್’ ಎಂಬ ಶೈಕ್ಷಣಿಕ ಸಮೀಕ್ಷೆ ಹಳ್ಳಿಗಾಡಿನ ಮಕ್ಕಳ ಕಲಿಕೆಯನ್ನು ಅಳೆಯುತ್ತ ಬಂದಿದೆ. ಅದರ 2023ರ ಸಮೀಕ್ಷೆ 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನವರನ್ನು ಕಂಡು ಮಾತಾಡಿಸಿತು. ಸ್ಮಾರ್ಟ್‌ಫೋನ್ ಬಳಸಲು ಬಲ್ಲವರಲ್ಲಿ ತಮ್ಮದೇ ಫೋನಿದೆ ಎಂದ ಹುಡುಗರು ಶೇಕಡಾ 43.7, ಹುಡುಗಿಯರು 19.8. ಇದ್ದವರ ಕಿಸೆ ಬಿಟ್ಟು ಇಲ್ಲದವರ ಚೀಲವನ್ನು ಹುಡುಕುತ್ತಿದ್ದೇವೆ ನಾವು.

2019ರ ಸೆಪ್ಟೆಂಬರ್ ತಿಂಗಳು ಕೆಲವರಿಗೆ ನೆನಪಿರಬಹುದು. ಶಿರಸಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಂದ ಕಿತ್ತುಕೊಂಡ ಮೊಬೈಲುಗಳನ್ನು ಅವರೆದುರೇ ಪ್ರಾಚಾರ್ಯರು ಸುತ್ತಿಗೆಯಿಂದ ಕುಟ್ಟಿ ಒಡೆದ ವಿಡಿಯೋ ನಾಡಿನ ತುಂಬ ಹರಿದಾಡಿತು. ನಮ್ಮ ಶಿಕ್ಷಕರ ಕೋಣೆಯಲ್ಲೂ ಹರಿದಾಡಿತು, ಮೊಬೈಲಿನಲ್ಲೇ! “ಹಿಂಗ ಮಾಡ್ಬೇಕ್ರಿ, ಅಂದ್ರ ಬುದ್ಧಿ ಬರ್ತೈತಿ” ಎಂದು ಮೆಚ್ಚಿಕೊಂಡು ಮುಂದಿನ ಗುಂಪಿಗೆ ದಾಟಿಸಿದವರೇ ಹೆಚ್ಚು. ತಿಂಗಳ ಕಂತು ಕಟ್ಟಿ ಕೊಂಡ ವಸ್ತು ಅದು, ಯಾವುದೋ ತಾಯಿ ಹಾಲು ಮಾರಿದ ದುಡ್ಡಿರಬಹುದು, ಒಡೆಯುವ ಅಧಿಕಾರ ಯಾರು ಕೊಟ್ಟರು ಎಂದು ನಾನು ಕೇಳಿದ್ದಕ್ಕೆ ಒಬ್ಬರು ನಕ್ಕರು.

ಅದೇ ತಿಂಗಳ 19ರಂದು ಕೇರಳದ ಹೈಕೋರ್ಟು ಒಂದು ತೀರ್ಪು ಕೊಟ್ಟಿತು. ಅದು ಮಾತ್ರ ನಮ್ಮ ಯಾವ ಗುಂಪಿಗೂ ಬರಲಿಲ್ಲ. ಕೋಯಿಕ್ಕೋಡ್ ಜಿಲ್ಲೆಯ ಒಂದು ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲು ಮುಟ್ಟಬಾರದೆಂಬ ನಿಯಮವಿತ್ತು. ಬಿ.ಎ. ಓದುತ್ತಿದ್ದ ಒಬ್ಬ ಹುಡುಗಿ ಒಪ್ಪಲಿಲ್ಲ. ಓದುವ ಹೊತ್ತಿನಲ್ಲೇ ನನಗೆ ಅದು ಬೇಕು, ಇಂಥ ನಿಯಮ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಮಾತ್ರ ಯಾಕೆ ಎಂದಳು. ಹಾಸ್ಟೆಲ್ಲಿನಿಂದ ಹೊರಹಾಕಿದರು. ಅವಳು ಕೋರ್ಟಿಗೆ ಹೋದಳು. ನ್ಯಾಯಮೂರ್ತಿ ಪಿ.ವಿ. ಆಶಾ ಅವರು, ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ ಅವಳನ್ನು ಹಾಸ್ಟೆಲ್ಲಿಗೆ ಮರಳಿ ಸೇರಿಸಿಕೊಳ್ಳಲು ಆದೇಶಿಸಿದರು. ಸುತ್ತಿಗೆ ಗೋಕಾಕಕ್ಕೆ ಒಂದೇ ದಿನದಲ್ಲಿ ಬಂತು. ತೀರ್ಪು ಇನ್ನೂ ದಾರಿಯಲ್ಲಿದೆ.

ಇದೆಲ್ಲ ನಮಗೆ ಹೊಸದೇನೂ ಅಲ್ಲ. ನಾನು ಹಾಸ್ಟೆಲ್ಲಿನಲ್ಲಿದ್ದದ್ದು 1989ರ ಸುಮಾರಿಗೆ. ಆಗ ಮೊಬೈಲು ಎಲ್ಲಿಯದು, ಇನ್‌ಲ್ಯಾಂಡ್ ಪತ್ರ! ಹುಡುಗಿಯರಿಗೆ ಬಂದ ಪತ್ರಗಳೆಲ್ಲ ಮೊದಲು ವಾರ್ಡನ್ನರ ಮೇಜಿಗೆ ಹೋಗಿ, ಅಂಚು ಹರಿಸಿಕೊಂಡು ನಮ್ಮ ಕೈಗೆ ಬರುತ್ತಿದ್ದವು. ನನ್ನ ಗೆಳತಿಯ ಅಣ್ಣ ಸೈನ್ಯದಲ್ಲಿದ್ದ. ಪತ್ರದ ಕೊನೆಗೆ ಪೂರ್ತಿ ಹೆಸರು ಬರೆಯದೆ ಒಂದಕ್ಷರ ಹಾಕುವುದು ಅವನ ರೂಢಿ. ಆ ಒಂದಕ್ಷರಕ್ಕಾಗಿ ಅವಳು ಇಡೀ ಸಂಜೆ ವಾರ್ಡನ್ನರ ಕೋಣೆಯ ಹೊರಗೆ ನಿಂತಿದ್ದಳು. ಪಕ್ಕದ ಹುಡುಗರ ಹಾಸ್ಟೆಲ್ಲಿಗೆ ಬಂದ ಪತ್ರಗಳನ್ನು ಯಾರೂ ಒಡೆಯುತ್ತಿರಲಿಲ್ಲ. ಇನ್‌ಲ್ಯಾಂಡ್ ಪತ್ರ ಹೋಗಿ ಮೊಬೈಲು ಬಂದಿದೆ, ಹರಿಯುವ ಕೈ ಅದೇ ಇದೆ.

ಹಾಗಾದರೆ ವರ್ಗದಲ್ಲಿ ಎಲ್ಲರೂ ಫೋನು ಹಿಡಿದು ಕೂಡಲಿ ಅನ್ನುತ್ತೀರಾ ಎಂದು ಕೇಳಬೇಡಿ. ಪಾಠ ಹೇಳಿ ಹೊಟ್ಟೆ ಹೊರೆದವಳು ನಾನು. ಹಿಂದಿನ ಬಾಕಿನಲ್ಲಿ ಮುಖದ ಮೇಲೆ ಸಣ್ಣ ನೀಲಿ ಬೆಳಕು ಬಿದ್ದರೆ ಆ ಮುಖ ನನ್ನ ಪಾಠದಿಂದ ಎದ್ದುಹೋಯಿತೆಂದು ನನಗೆ ಗೊತ್ತಾಗುತ್ತದೆ. 2023ರ ಜುಲೈಯಲ್ಲಿ ಬಂದ ಯುನೆಸ್ಕೋ ವರದಿಯಲ್ಲಿ, ಒಮ್ಮೆ ಕದಡಿದ ಗಮನ ಮತ್ತೆ ಪಾಠಕ್ಕೆ ನೆಲೆನಿಲ್ಲಲು 20 ನಿಮಿಷಗಳವರೆಗೂ ಬೇಕಾಗಬಹುದು ಎಂದಿದೆ. ಅರವತ್ತು ನಿಮಿಷದ ತಾಸಿನಲ್ಲಿ ಮೂರು ಸಲ ಇಣುಕಿದರೆ ಉಳಿದದ್ದೇನು? ಪಕ್ಕದವಳ ಫೋನೂ ಸಾಕು, ನಮ್ಮದೇ ಆಗಬೇಕಿಲ್ಲ. ಫ್ರಾನ್ಸಿನವರು 2018ರಲ್ಲೇ ಚಿಕ್ಕ ಮಕ್ಕಳ ಶಾಲೆಗಳಿಂದ ಹದಿನೈದರ ವಯಸ್ಸಿನವರೆಗಿನ ಶಾಲೆಗಳ ತನಕ ಮೊಬೈಲು ಬೇಡವೆಂದು ಕಾನೂನು ಮಾಡಿದರು. ಅದಕ್ಕೆ ನನ್ನ ತಕರಾರಿಲ್ಲ. ಆ ಕಾನೂನು ಹುಡುಗ, ಹುಡುಗಿ ಇಬ್ಬರಿಗೂ ಒಂದೇ.

ಆದರೆ ನಿಯಮ ಹೇಳುವವರ ಕೈ ಮೊದಲು ಬರಿದಾಗಿರಬೇಕು. ವರ್ಗದಲ್ಲಿ ಫೋನು ಬಂತೆಂದು ಹೊರಗೆ ನಡೆದು, ವರಾಂಡದಲ್ಲಿ ಹತ್ತು ನಿಮಿಷ ಪ್ಲಾಟಿನ ವ್ಯವಹಾರ ಮಾತಾಡಿ ಬರುವ ಗುರುಗಳನ್ನು ನಾನು ಕಂಡಿದ್ದೇನೆ. ನಮ್ಮ ಪಾಡೂ ನೆಟ್ಟಗಿಲ್ಲ. ಬೆಳಿಗ್ಗೆ ಹತ್ತೂವರೆಗೆ ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು ಎಂಬ ಲೆಕ್ಕ ಗುಂಪಿಗೆ ಹೋಗಬೇಕು, ಮಧ್ಯಾಹ್ನದೊಳಗೆ ಇನ್ಯಾವುದೋ ಮಾಹಿತಿ “ತುರ್ತು” ಎಂಬ ಕೆಂಪಕ್ಷರದಲ್ಲಿ ಬರುತ್ತದೆ. ಪಾಠದ ನಡುವೆ ಶಿಕ್ಷಕಿಯ ಫೋನು ನೋಡಿಸುವುದು ಇಲಾಖೆಯೇ. ಮಕ್ಕಳು ಕಣ್ಣು ಮುಚ್ಚಿಕೊಂಡು ಕೂತಿರುತ್ತಾರೆಂದು ತಿಳಿದಿರಾ?

ಇನ್ನು ಈ ಫೋನನ್ನು ಮಕ್ಕಳ ಕೈಗೆ ಕೊಟ್ಟವರು ಯಾರು ಎಂಬುದನ್ನೂ ನೆನಪಿಸುತ್ತೇನೆ. 2020ರ ಮಾರ್ಚಿನಲ್ಲಿ ಶಾಲೆ ಕಾಲೇಜುಗಳಿಗೆ ಬೀಗ ಬಿತ್ತು. ಆ ಜುಲೈಯಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಬಂತು, ಆಗಸ್ಟಿನಲ್ಲಿ ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ‘ವಿದ್ಯಾಗಮ’ ನಡೆಸಿದೆವು. ಅದು ಸರಕಾರಿ ಶಾಲೆಯ ಮಕ್ಕಳ ಮಾತು. ಕಾಲೇಜಿನವರಂತೂ ನೇರವಾಗಿ, ಆನ್‌ಲೈನ್ ತರಗತಿಗೆ ಟಚ್ ಫೋನು ಬೇಕೇ ಬೇಕು ಎಂದರು. ನಮ್ಮೂರಿನಲ್ಲಿ ಎರಡು ಆಡು ಮಾರಿ ಮಗಳಿಗೆ ಫೋನು ತಂದ ತಾಯಿಯನ್ನು ನಾನು ಬಲ್ಲೆ. ರೇಂಜ್ ಸಿಗುವುದಿಲ್ಲವೆಂದು ಆ ಹುಡುಗಿ ಮಾಳಿಗೆ ಏರಿ ಬಿಸಿಲಿನಲ್ಲಿ ಕೂತು ಪಾಠ ಕೇಳಿದಳು. ಎರಡು ವರ್ಷ ಅದು ವಿದ್ಯೆ ಆಗಿತ್ತು. ಮೂರನೆಯ ವರ್ಷ ಅದೇ ಫೋನು ಅದೇ ಚೀಲದಲ್ಲಿ ಸಿಕ್ಕಾಗ ಕಳವಿನ ಮಾಲಾಯಿತು.

ಈಗಲೂ ಅದಿಲ್ಲದೆ ಓದು ನಡೆಯುತ್ತದೆಯೇ? ಪದವಿಗೆ ಅರ್ಜಿ, ಪರೀಕ್ಷೆಯ ಶುಲ್ಕ, ಫಲಿತಾಂಶ ಎಲ್ಲವೂ 2021ರಿಂದ ಯು.ಯು.ಸಿ.ಎಂ.ಎಸ್. ಎಂಬ ಒಂದೇ ಜಾಲದಲ್ಲಿವೆ. ವಿದ್ಯಾರ್ಥಿವೇತನದ ಅರ್ಜಿಗೆ ಓ.ಟಿ.ಪಿ. ಬೇಕು. ಆ ನಂಬರು ಊರಲ್ಲಿರುವ ಅಣ್ಣನ ಫೋನಿಗೆ ಹೋದರೆ, ಅವನು ಕಬ್ಬಿನ ಟ್ರ್ಯಾಕ್ಟರಿನ ಮೇಲಿದ್ದರೆ, ಕೊನೆಯ ದಿನಾಂಕ ಮುಗಿದೇ ಹೋಗುತ್ತದೆ. ಮಳೆಗಾಲದ ಮಾತಂತೂ ಬೇರೆಯೇ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನೀರು ಹೊಕ್ಕಾಗ, ಲೋಳಸೂರ ಸೇತುವೆ ಮುಳುಗಿ ದಾರಿ ನಿಂತಾಗ, ಯಾರು ಯಾವ ದಡದಲ್ಲಿದ್ದಾರೆಂದು ತಿಳಿದದ್ದು ಫೋನಿನಿಂದ. ಆಮೇಲೆ ಮಳೆ ಜೋರಾದಾಗಲೆಲ್ಲ ಹೊಳೆಯಾಚೆಯ ಹುಡುಗಿಯ ತಾಯಿ ಮಧ್ಯಾಹ್ನವೇ ಫೋನು ಹಿಡಿದು ಕೂಡುತ್ತಾಳೆ. ಫೋನನ್ನು ಮನೆಯಲ್ಲೇ ಬಿಟ್ಟು ಬಾ ಎನ್ನುವವರು ಆ ತಾಯಿಗೆ ಏನು ಹೇಳುತ್ತಾರೆ?

ಹುಕ್ಕೇರಿಯ ಕಡೆ ಕಾಲೇಜಿನಲ್ಲಿ ಕನ್ನಡ ಹೇಳುವ ಒಬ್ಬ ಹುಡುಗಿ ಇದ್ದಾಳೆ. ಉಪನ್ಯಾಸಕಿಯನ್ನು ಹುಡುಗಿ ಅನ್ನಬಾರದು, ಆದರೆ ನನ್ನ ಶಿಷ್ಯೆ, ಇರಲಿ. ಅವಳ ವರ್ಗದ ಬಾಗಿಲ ಪಕ್ಕ ಕಿಸೆಗಳಿರುವ ಒಂದು ಬಟ್ಟೆ ತೂಗುಹಾಕಿದೆ, ಕೌದಿ ಹೊಲೆದು ಉಳಿದ ತುಂಡುಗಳಲ್ಲಿ ಅವಳ ಅವ್ವ ಹೊಲಿದುಕೊಟ್ಟದ್ದು. ತಾಸು ಆರಂಭವಾದಾಗ ಮೊದಲು ಅವಳ ಫೋನು, ಆಮೇಲೆ ಹುಡುಗರದು, ಹುಡುಗಿಯರದು, ಎಲ್ಲರ ಕಣ್ಣೆದುರು ಅದರೊಳಗೆ. ಗಂಟೆ ಬಾರಿಸಿದೊಡನೆ ಅವರವರದು ಅವರವರೇ ತೆಗೆದುಕೊಳ್ಳುತ್ತಾರೆ. ಯಾರ ಫೋನನ್ನೂ ಯಾರೂ ತೆರೆಯುವಂತಿಲ್ಲ. ಕದ್ದಿಟ್ಟುಕೊಂಡವನು ಸಿಕ್ಕರೆ ಆ ದಿನ ಸಂಜೆಯವರೆಗೆ ಕಿಸೆಯಲ್ಲೇ ಇರುತ್ತದೆ, ಮನೆಗೆ ಕರೆ ಹೋಗುವುದಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದರೆ ಮೊದಲೇ ಹೇಳಿದರಾಯಿತು. ಇಷ್ಟಕ್ಕೇ ವರ್ಗ ಶಾಂತವಾಯಿತೇ ಅಂದರೆ, ಪೂರ್ತಿ ಇಲ್ಲವಂತೆ. ಎರಡು ಫೋನು ಇಟ್ಟುಕೊಂಡು ಹಳೆಯದನ್ನು ಕಿಸೆಗೆ ಹಾಕುವ ಜಾಣರೂ ಇದ್ದಾರಂತೆ. ಆದರೆ ಒಬ್ಬ ಹುಡುಗಿಯೂ ಫೋನಿನ ಕಾರಣಕ್ಕೆ ಮನೆಯಲ್ಲಿ ಕೂತಿಲ್ಲ ಅನ್ನುತ್ತಾಳೆ.

ಅವಳದೇ ಇನ್ನೊಂದು ಕೆಲಸ ನನಗೆ ಇನ್ನೂ ಹಿಡಿಸಿತು. ದೀಪಾವಳಿ ಸೂಟಿಗೆ ಹೋಗುವಾಗ, ನಿಮ್ಮ ಅಜ್ಜಿಯ ಬೀಸುವ ಪದ, ಸೋಬಾನ ಪದ ಫೋನಿನಲ್ಲಿ ಹಿಡಿದು ತನ್ನಿ ಎಂದು ಹೇಳಿ ಕಳಿಸಿದಳು. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಆನಂದಕಂದರು ಹಳ್ಳಿಯ ಹಾಡುಗಳಿಗೆ ಕಿವಿಗೊಟ್ಟ ನಾಡು ನಮ್ಮದು, ಕೌಜಲಗಿ ನಿಂಗಮ್ಮ ಪಾರಿಜಾತ ಆಡಿ ಹೆಸರಾದ ನಾಡು. ಬೀಸುಕಲ್ಲು ಅಟ್ಟ ಸೇರಿ ಎಷ್ಟೋ ಕಾಲವಾಯಿತು, ಪದ ಮಾತ್ರ ಅಜ್ಜಿಯರ ಬಾಯಲ್ಲಿ ಉಳಿದಿದೆ. ಸೂಟಿ ಮುಗಿದ ಮೇಲೆ ವರ್ಗದಲ್ಲಿ ಆ ಹಾಡುಗಳನ್ನು ಕೇಳಿದರಂತೆ. ಒಬ್ಬ ಹುಡುಗ ತನ್ನ ಅಜ್ಜಿಯ ದನಿ ಬಂದಾಗ ಅತ್ತುಬಿಟ್ಟನಂತೆ, ಆಕೆ ಸೂಟಿಯಲ್ಲೇ ತೀರಿಕೊಂಡಿದ್ದಳು. ಮೊಬೈಲಿನಿಂದ ಏನೂ ಒಳ್ಳೆಯದಾಗದು ಎನ್ನುವವರ ಎದುರು ನಾನು ಇದನ್ನು ಹೇಳುತ್ತೇನೆ, ಅವರು ಮಾತು ಬೇರೆ ಕಡೆ ತಿರುಗಿಸುತ್ತಾರೆ.

ಗಡಿಯಾಚೆ ಸಾಂಗಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾವ್ ಎಂಬ ಊರಿದೆ. ಅಲ್ಲಿ 2022ರಲ್ಲಿ ಒಂದು ಕಟ್ಟಳೆ ಮಾಡಿದರು. ಸಂಜೆ 7ಕ್ಕೆ ಗುಡಿಯ ಸೈರನ್ ಕೂಗಿದರೆ ಒಂದೂವರೆ ತಾಸು ಊರಿನ ಎಲ್ಲ ಮನೆಗಳಲ್ಲಿ ಮೊಬೈಲು, ಟಿ.ವಿ. ಬಂದ್. ಮಕ್ಕಳು ಓದಬೇಕೆಂದು ದೊಡ್ಡವರೂ ಕೆಳಗಿಡುವ ಕಟ್ಟಳೆ ಅದು. ಅಪ್ಪ ಪಡಸಾಲೆಯಲ್ಲಿ ರೀಲ್ಸ್ ನೋಡುತ್ತ, ಮಗಳಿಗೆ ಮಾತ್ರ ಫೋನು ಇಡೇ ಎಂದು ಕೂಗುವ ನಮ್ಮ ಮನೆಗಳ ಪದ್ಧತಿಗಿಂತ ಇದು ಎಷ್ಟೋ ಮರ್ಯಾದೆಯದು. ಕೂಡಿ ಕೂತು ಕಟ್ಟಳೆ ಮಾಡಿಕೊಳ್ಳುವುದು ನಮಗೇನು ಬಾರದ ವಿದ್ಯೆಯೇ? ಹುಕ್ಕೇರಿಯವರು 1969ರಲ್ಲೇ ಊರೂರಿಗೆ ಕರೆಂಟು ಕೊಡಲು ಸಹಕಾರಿ ಸಂಘ ಕಟ್ಟಿಕೊಂಡವರು. ಒಂದು ಕಾಲೇಜಿನ ಮೊಬೈಲಿಗೆ ಕಟ್ಟಳೆ ಹಾಕುವಾಗ ಹುಡುಗಿಯರನ್ನೂ ಅವರ ತಾಯಂದಿರನ್ನೂ ಕರೆದು ಕೂಡಿಸಿ ಕೇಳಲು ಏನು ಅಡ್ಡಿ?

ಆದರೆ ತಾಯಿಯನ್ನು ಕರೆಯಬೇಕಾದರೆ ಅವಳ ನಂಬರು ಕಾಲೇಜಿನಲ್ಲಿ ಇರಬೇಕಲ್ಲ! ಕಳೆದ ಜೂನ್‌ನಲ್ಲಿ ನಾನು ಕೆಲವು ಹುಡುಗಿಯರ ಪ್ರವೇಶ ಅರ್ಜಿ ತುಂಬಲು ಕೂತಿದ್ದೆ. ‘ಪಾಲಕರ ಮೊಬೈಲ್ ಸಂಖ್ಯೆ’ ಎಂಬಲ್ಲಿ ತಂದೆಯದು, ಅಣ್ಣನದು, ಕಾಕಾನದು, ಒಬ್ಬಳದಂತೂ ಊರಿನ ಕಿರಾಣಿ ಅಂಗಡಿಯವನದು. ತಾಯಿಯದು ಒಂದೂ ಇಲ್ಲ. “ಅವ್ವಗ ಫೋನ್ ಐತ್ರಿ, ಆದ್ರ ಆಕಿನ ಯಾಕ ಕೇಳ್ತಾರ ಅಂತ ಬರದಿಲ್ರಿ” ಎಂದಳು ಒಬ್ಬಳು. ತಂಗಿಯರೇ, ಅಕ್ಕಂದಿರೇ, ಬರುವ ವರ್ಷ ಮಗಳ ಅರ್ಜಿ ತುಂಬುವಾಗ ನೀವೇ ಜೊತೆಗೆ ಹೋಗಿ. ಆ ಸಾಲಿನಲ್ಲಿ ನಿಮ್ಮ ನಂಬರು ಬರೆಯಿರಿ. ತಂದೆಯದೇ ಬೇಕೆಂದು ಗುಮಾಸ್ತ ಹೇಳಿದರೆ ಎರಡನ್ನೂ ಬರೆಯಿರಿ, ನಿಮ್ಮದನ್ನು ಮೊದಲು. ಹೊರಡುವ ಮುನ್ನ ಪ್ರಾಚಾರ್ಯರನ್ನು ಕಂಡು ಇಷ್ಟು ಕೇಳಿ ಬನ್ನಿ: ಹುಡುಗರ ಕಿಸೆ ಯಾವಾಗಿನಿಂದ ನೋಡುತ್ತೀರಿ?